ಹೈಡ್ರೋಸ್ ಹೊಗೆ ಕುಡಿದ ಮೇಲೆ

ನಿಮಗೆ ಏನಾಗಿತ್ತು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಒಬ್ಬ ಡಾಕ್ಟರು ಗಂಟಲಿನ ಸೋಂಕು ಅಂದರು. ಇನ್ನೊಬ್ಬರು ಟಿ.ಬಿ. ಅಂದರು. ಮೂರನೆಯವರು ಮನಸ್ಸಿನದು ಅಂದರು. ನಮ್ಮ ಅತ್ತೆ ತವರುಮನೆಯ ಹುಚ್ಚು ಅಂದರು. ಹೆಚ್ಚುಕಡಿಮೆ ಒಂದು ವರ್ಷ ನಾನು ಇವರೆಲ್ಲರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನಂಬಿದೆ. ಹೆಸರು ಗೊತ್ತಿಲ್ಲದ ಕೆಮ್ಮೊಂದನ್ನು ಎದೆಯಲ್ಲಿಟ್ಟುಕೊಂಡು ಇನ್ನೂ ಯಾರೋ ಒಬ್ಬಳು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರಬಹುದು. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯಲ್ಲಿ. ಅಪ್ಪನದು ಶೇಂಗಾ ವ್ಯಾಪಾರ. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಮೊಳಕಾಲ್ಮೂರಿಗೆ ಬಂದೆ. ಅಲ್ಲಿ ಬೀದಿಯಲ್ಲಿ ನಡೆದರೆ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಬರುತ್ತದೆ. ನಮ್ಮ ಮನೆಯಲ್ಲಿ ಮಗ್ಗ ಇರಲಿಲ್ಲ, ಬಣ್ಣ ಇತ್ತು. ನಮ್ಮ ಮನೆಯವರು, ಅಂದರೆ ನನ್ನ ಗಂಡ ರುದ್ರೇಶ್, ನೇಯುವವರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದರು. ಅಡಿಗೆಮನೆಗೆ ಅಂಟಿಕೊಂಡಂತೆ ಹಿಂದೆ ಒಂದು ತಗಡಿನ ಷೆಡ್ಡು. ಅದನ್ನು ನಾವು ಬಣ್ಣದ ಮನೆ ಎನ್ನುತ್ತಿದ್ದೆವು. ಒಲೆಯ ಮೇಲೆ ದೊಡ್ಡ ಹಂಡೆಗಳು, ನೂಲಿನ ಲಡಿಗಳನ್ನು ಇಳಿಬಿಟ್ಟು ತಿರುವಲು ಬಿದಿರಿನ ಕೋಲುಗಳು, ಗೋಡೆಯ ಗೂಡುಗಳಲ್ಲಿ ಬಣ್ಣದ ಪೊಟ್ಟಣಗಳು, ಮೂಲೆಯಲ್ಲಿ ಒಂದು ತಗಡಿನ ಡ್ರಮ್ಮು.

ಆ ಡ್ರಮ್ಮಿನಲ್ಲಿ ಇದ್ದದ್ದು ಹೈಡ್ರೋಸ್. ಸಣ್ಣ ಸಕ್ಕರೆಯಂಥ ಬಿಳಿ ಪುಡಿ. ನೂಲಿಗೆ ಹಾಕಿದ ಬಣ್ಣ ತಪ್ಪಿದರೆ ಅದನ್ನು ಬಿಡಿಸಿ ಮತ್ತೆ ಬೆಳ್ಳಗೆ ಮಾಡಲು ಅದು ಬೇಕು. ಬಿಸಿನೀರಿಗೆ ಬಿದ್ದರೆ ಕಡ್ಡಿ ಗೀರಿದಾಗ ಬರುವ ಘಾಟು ಮೂಗಿಗೆ ಬಡಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು, "ಇದಕ್ಕೊಂದು ತೇವ ತಾಗಿಸ್ಬ್ಯಾಡ ನೋಡು. ತೇವ ಆದ್ರೆ ಪುಡಿ ಸತ್ತೋಗ್ತೈತೆ" ಎಂದಿದ್ದರು. ಪುಡಿ ಸಾಯುತ್ತದೆ ಎಂಬುದಷ್ಟೇ ನಮಗೆ ಗೊತ್ತಿತ್ತು. ಸಾಯುವಾಗ ಅದು ಏನು ಮಾಡುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ಅವರಿಗೆ ಕಸುಬು ಕಲಿಸಿದ ಮಾವನವರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಮಳೆ ಬರುವುದೇ ಅಪರೂಪ. ಆ ದಿನ ಮಧ್ಯಾಹ್ನ ಜೋರಾಗಿ ಬಂತು. ನಮ್ಮ ಮನೆಯವರು ತಳಕಿನಲ್ಲಿ ಯಾರದೋ ಮದುವೆಗೆ ಹೋಗಿದ್ದರು. ಅತ್ತೆ ಮುಂದಿನ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದರು. ಎರಡು ವರ್ಷದ ಮಗಳು ಚೈತ್ರಾ ಅಡಿಗೆಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಘಾಟು ಬಂತೆಂದು ನಾನು ಬಣ್ಣದ ಮನೆಗೆ ಇಣುಕಿದೆ. ತಗಡಿನ ತೂತಿನಿಂದ ನೀರು ನೇರವಾಗಿ ಡ್ರಮ್ಮಿನ ಮೇಲೆ ಸುರಿಯುತ್ತಿತ್ತು. ಮುಚ್ಚಳ ಅರ್ಧ ಓರೆಯಾಗಿತ್ತು. ಬೆಳಿಗ್ಗೆ ಪುಡಿ ತೆಗೆದುಕೊಟ್ಟವಳು ನಾನೇ. ಮುಚ್ಚಳ ಒತ್ತಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ಇವತ್ತಿಗೂ ನೆನಪಾಗುತ್ತಿಲ್ಲ. ಡ್ರಮ್ಮಿನ ಒಳಗಿಂದ ಹೊಗೆ ಏಳುತ್ತಿತ್ತು. ಮುಟ್ಟಿದೆ, ಒಲೆಯ ಮೇಲಿಟ್ಟ ಪಾತ್ರೆಯಂತೆ ಸುಡುತ್ತಿತ್ತು.

ಬೆಂಕಿ ಬಿದ್ದಿದೆ ಎಂದುಕೊಂಡೆ. ಪಕ್ಕದಲ್ಲಿದ್ದ ಕೊಡ ಎತ್ತಿ ಅದರೊಳಕ್ಕೆ ನೀರು ಸುರಿದೆ.

ಬುಸ್ಸೆಂದು ಹೊಗೆ ಮೇಲೆದ್ದಿತು. ಕಣ್ಣು ಬಿಡಲಾಗಲಿಲ್ಲ. ಮಗುವನ್ನು ಚಾಪೆಯಿಂದ ಎತ್ತಿಕೊಂಡು ಓಡಿ ಅತ್ತೆಯ ತೊಡೆಯ ಮೇಲೆ ಹಾಕಿದೆ. ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಗೂಡಿನಲ್ಲಿ ಯಾರದೋ ಮಗಳ ಮದುವೆ ಸೀರೆಯ ನೂಲಿತ್ತು. ಸೆರಗು ಮೂಗಿಗೆ ಒತ್ತಿಕೊಂಡು ಮತ್ತೆ ಒಳಗೆ ಹೋದೆ, ಬಿದಿರಿನ ಕೋಲಿನಿಂದ ಡ್ರಮ್ಮನ್ನು ತಳ್ಳಿ ತಳ್ಳಿ ಹಿತ್ತಿಲಿಗೆ ಉರುಳಿಸಿದೆ. ಹೊರಗೆ ಬಂದಾಗ ಉಸಿರು ಒಳಗೆ ಹೋಗುತ್ತಿರಲಿಲ್ಲ. ಪಕ್ಕದ ಮನೆಯ ತೆಲುಗಿನಾಕೆ "ಏಮೈಂದಮ್ಮಾ, ಏಮೈಂದಿ?" ಎಂದು ಕೂಗುತ್ತ ಬಂದು ಬೆನ್ನು ನೀವಿದಳು, ಮಜ್ಜಿಗೆ ಕುಡಿಸಿದಳು. ಸಂಜೆಯ ಹೊತ್ತಿಗೆ ಸುಧಾರಿಸಿಕೊಂಡೆ. ಮಗುವಿಗೆ ಏನೂ ಆಗಿರಲಿಲ್ಲ.

ನಮ್ಮ ಮನೆಯವರು ಬಂದವರೇ ಡ್ರಮ್ಮಿನೊಳಗೆ ನೋಡಿದರು. "ಎಲ್ಲಾ ಹಾಳಾಗಿಲ್ಲ ಬಿಡು. ಕೆಳಗಡೆದರಲ್ಲಿ ಅರ್ಧ ಸತ್ವ ಐತೆ" ಎಂದು ಉಳಿದ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅಡಿಗೆಮನೆಯ ಕಿಟಕಿಯ ಕೆಳಗಿಟ್ಟರು. ಆಮೇಲೆ ನನ್ನ ಮುಖ ನೋಡಿ, "ನಿಂಗೇನಾಗಿಲ್ಲ ತಾನೇ?" ಅಂದರು. ಇಲ್ಲ ಎಂದೆ.

ಅಂದಿನಿಂದ ಕೆಮ್ಮು ಶುರುವಾಯಿತು. ಮೊದಮೊದಲು ಒಣ ಕೆಮ್ಮು. ಆಮೇಲೆ ಎದೆಗೆ ಹಗ್ಗ ಬಿಗಿದಂತೆ. ಒಂದು ಕೊಡ ನೀರು ತಂದರೆ ಕಟ್ಟೆಯ ಮೇಲೆ ಕೂರಬೇಕಾಗುತ್ತಿತ್ತು. ಊರಿನ ಡಾಕ್ಟರು ಟಾನಿಕ್ ಬರೆದರು, ಅದು ಮುಗಿದ ಮೇಲೆ ಇನ್ನೊಂದು ಬರೆದರು. ಹೊಗೆಯ ವಿಷಯ ನಾನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಅಡಿಗೆಮನೆಯಲ್ಲಿರುವ ಹೆಂಗಸಿಗೆ ಹೊಗೆ ಎಂಬುದು ಹೇಳಿಕೊಳ್ಳುವ ಸಂಗತಿಯೇ?

ಎರಡು ತಿಂಗಳಾದರೂ ಬಿಡದಿದ್ದಾಗ ಅಪ್ಪ ಚಳ್ಳಕೆರೆಯ ಒಬ್ಬ ಖಾಸಗಿ ಡಾಕ್ಟರ ಬಳಿ ಕರೆದುಕೊಂಡು ಹೋದರು. ಅವರು ಎಕ್ಸ್‌ರೇ ತೆಗೆಸಿದರು, ಕಫ ಪರೀಕ್ಷೆಗೆ ಕೊಟ್ಟರು. ಕಫದಲ್ಲಿ ಏನೂ ಸಿಗಲಿಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇಲ್ಲೊಂಚೂರು ಮಸುಕು ಕಾಣ್ತೈತೆ" ಎಂದು ಬೆರಳಿಟ್ಟರು. ನನಗೆ ಪೂರ್ತಿ ಎಕ್ಸ್‌ರೇಯೇ ಮಸುಕಾಗಿ ಕಾಣಿಸಿತು.

"ಏನ್ ಕೆಲ್ಸ ಮಾಡ್ತೀಯಮ್ಮ?"

"ಮನೇಲಿರ್ತೀನಿ ಸಾರ್."

ಅವರು ಚೀಟಿಯಲ್ಲಿ ಗೃಹಿಣಿ ಎಂದು ಬರೆದುಕೊಂಡರು. ಆಮೇಲೆ ಹೋದ ಕಡೆಯಲ್ಲೆಲ್ಲ ಆ ಚೀಟಿ ನೋಡಿಯೇ ಬರೆದುಕೊಂಡರು. "ಟಿ.ಬಿ. ಇರೋಹಂಗೈತೆ. ಔಷಧಿ ಶುರು ಮಾಡೋಣ, ಗುಣ ಆದ್ರೆ ಟಿ.ಬಿ. ಅಂತ ಗೊತ್ತಾಗ್ತೈತೆ" ಎಂದರು. ಗುಣ ಆಗದಿದ್ದರೆ ಏನೆಂದು ಗೊತ್ತಾಗುತ್ತದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಮಾತ್ರೆಯ ಚೀಟಿ ಹಿಡಿದು ಕೂತಿದ್ದಾಗ ಅಳು ಬಂತು. ಪಕ್ಕದಲ್ಲಿ ವಯಸ್ಸಾದ ಸಾಬರ ಹೆಂಗಸೊಬ್ಬರು ಕೂತಿದ್ದರು. ಜಮೀಲಾಬೀ ಎಂದು ಹೆಸರು, ಮಗ ಲಾರಿ ಮೆಕ್ಯಾನಿಕ್. ನನ್ನ ಚೀಟಿ ನೋಡಿ ಅವರು ಪಿಸುಮಾತಿನಲ್ಲಿ, "ಬೇಟಿ, ಈ ಮಾತ್ರೆ ತಗೊಂಡ್ರೆ ಒಂದಕ್ಕೆ ಕೆಂಪಗೆ ಹೋಗ್ತೈತೆ. ರಕ್ತ ಅಂದ್ಕೊಂಡು ಹೆದರ್ಕೋಬ್ಯಾಡ. ನಾನು ಹೆದರ್ಕೊಂಡು ಎಲ್ಡು ದಿನ ರೊಟ್ಟಿ ತಿಂದಿರ್ಲಿಲ್ಲ" ಎಂದರು. ಡಾಕ್ಟರು ಹೇಳದಿದ್ದ ಮಾತು. ಮಾರನೆಯ ಬೆಳಿಗ್ಗೆ ಕೇಸರಿ ಬಣ್ಣ ಕಂಡಾಗ ನಾನು ಕಿರುಚಿಕೊಳ್ಳಲಿಲ್ಲ. ಬಣ್ಣದ ಮನೆಯವಳಿಗೆ ಇದೂ ಒಂದು ಬಣ್ಣ ಎಂದು ನಕ್ಕೆ. ಆ ತಿಂಗಳಿನಲ್ಲಿ ನಾನು ನಕ್ಕದ್ದು ಅದೊಂದೇ ಸಲ ಇರಬೇಕು.

ಟಿ.ಬಿ. ಎಂಬ ಮಾತು ಮನೆಯೊಳಗೆ ಬಂದ ದಿನವೇ ಅತ್ತೆ ನನ್ನ ತಟ್ಟೆ, ಲೋಟ ಬೇರೆ ಇಟ್ಟರು. ಅವರನ್ನು ಕೆಟ್ಟವರೆಂದು ಹೇಳಲಾರೆ. ಅವರು ಹುಡುಗಿಯಾಗಿದ್ದಾಗ ಅವರ ಅಣ್ಣ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದರಂತೆ. ತಟ್ಟೆ ಬೇರೆ ಇಟ್ಟರೂ ಊಟ ಬಿಸಿಯಾಗಿಯೇ ಬಡಿಸುತ್ತಿದ್ದರು. ಮೂರನೆಯ ದಿನ ನನ್ನ ಎದುರು ಕೂತು, "ನಾಗವೇಣಿ, ಮಗೂನ ಇಲ್ಲಿ ಇಟ್ಕೊಳ್ಳೋದು ಬ್ಯಾಡಮ್ಮ. ನಿಮ್ಮವ್ವನ ಹತ್ರ ಇರ್ಲಿ. ನೀನು ಹುಷಾರಾದ ಮೇಲೆ ತರೋಣ" ಎಂದರು.

ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಚೈತ್ರಾಳನ್ನು ಚಳ್ಳಕೆರೆಗೆ ಕರೆದುಕೊಂಡು ಹೋದವರು ಅವರೇ. ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಕೂತ ಮಗುವಿನ ಮುಖದ ಹತ್ತಿರ ಕೆಮ್ಮಿಬಿಟ್ಟರೆ ಎಂಬ ಭಯ. ಬಾಗಿಲಲ್ಲಿ ನಿಂತು ಕೈ ಬೀಸಿದೆ. ಅವಳು ಸಂಜೆ ಬರುತ್ತೇನೆ ಎಂಬಂತೆ ಕೈ ಬೀಸಿದಳು.

ಹದಿನೈದು ದಿನಕ್ಕೊಮ್ಮೆ ಮಾತ್ರೆಗೆಂದು ಚಳ್ಳಕೆರೆಗೆ ಹೋದಾಗ ಒಂದೆರಡು ದಿನ ಅವ್ವನ ಮನೆಯಲ್ಲಿ ಉಳಿಯುತ್ತಿದ್ದೆ. ಪಡಸಾಲೆಯ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಮಗು. ಅವ್ವ ಅವಳಿಗೆ ಹೇಳಿಕೊಟ್ಟಿದ್ದರು, ಅಮ್ಮ ಕೆಮ್ಮಿದರೆ ಹೊಸಿಲು ದಾಟಿ ಹೊರಗೆ ನಿಲ್ಲಬೇಕು ಎಂದು. ತಮಾಷೆಯೆಂದರೆ ಮೊದಲ ದಿನ ಬಿಟ್ಟರೆ ಅಲ್ಲಿ ನಾನು ಕೆಮ್ಮುತ್ತಲೇ ಇರಲಿಲ್ಲ. ಎರಡನೆಯ ದಿನಕ್ಕೆ ಎದೆಯ ಹಗ್ಗ ಸಡಿಲವಾಗುತ್ತಿತ್ತು, ಮೂರನೆಯ ದಿನ ಉಳಿದರೆ ಬಾವಿಯಿಂದ ನೀರು ಸೇದುವಷ್ಟು ಶಕ್ತಿ ಬರುತ್ತಿತ್ತು.

"ಇಲ್ಲಿ ಬಂದ್ರೆ ಕೆಮ್ಮೇ ಇಲ್ವಲ್ಲೇ ನಿಂಗೆ" ಎಂದು ಅವ್ವ ಖುಷಿಪಟ್ಟರು. "ನನ್ನ ಕೈ ಊಟ ಹತ್ತೈತೆ."

ವಾಪಸ್ಸು ಬರುವ ಬಸ್ಸಿನಲ್ಲಿ ತಳಕು ದಾಟುವವರೆಗೆ ಚೆನ್ನಾಗಿರುತ್ತಿದ್ದೆ. ಬಿ.ಜಿ. ಕೆರೆಯಲ್ಲೂ ಚೆನ್ನಾಗಿರುತ್ತಿದ್ದೆ. ಮನೆಗೆ ಬಂದು ಒಲೆ ಹಚ್ಚಿ ಸ್ವಲ್ಪ ಹೊತ್ತಿಗೆ ಶುರುವಾಗುತ್ತಿತ್ತು. ಒಂದು ಸಲ ಹಾಗಾದರೆ ಬಿಡಿ. ಪ್ರತಿ ಸಲವೂ ಹಾಗೇ. ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಮೊಳಕಾಲ್ಮೂರಿನಲ್ಲಿ ರೋಗಿ, ಚಳ್ಳಕೆರೆಯಲ್ಲಿ ಆರೋಗ್ಯವಂತೆ. ಇದನ್ನು ಎಲ್ಲರೂ ಗಮನಿಸಿದರು. ಎಲ್ಲರೂ ಅವರವರಿಗೆ ಬೇಕಾದಂತೆ ಅರ್ಥ ಮಾಡಿಕೊಂಡರು.

ಒಂದು ಸಂಜೆ ನಾನು ಉಬ್ಬಸದಿಂದ ಗೋಡೆ ಹಿಡಿದು ನಿಂತಿದ್ದಾಗ ನಮ್ಮ ಮನೆಯವರು, "ನಿಜ ಹೇಳು ನಾಗವೇಣಿ. ನಿಂಗೆ ಈ ಮನೆ ಬ್ಯಾಡಾಯ್ತಾ?" ಎಂದು ಕೇಳಿದರು.

"ಯಾಕ್ ಹಿಂಗ್ ಕೇಳ್ತೀರಿ?"

"ಅಲ್ಲಿ ಇರ್ದೇ ಇರೋ ಕೆಮ್ಮು ಇಲ್ಲಿ ಎಲ್ಲಿಂದ ಬರ್ತೈತೆ? ನಾನು ಬಸ್ ಹತ್ತಿಸಿದ್ರೆ ಗುಣ ಆಗೋ ರೋಗ ಯಾವ್ದು?"

ಅವರು ಕೇಳಿದ್ದು ನಿಜವಿರಬಹುದು ಎಂದು ನನಗೇ ಅನ್ನಿಸತೊಡಗಿತು. ಮಗಳ ಹತ್ತಿರ ಹೋಗಬೇಕೆಂಬ ಆಸೆಗೆ ನನ್ನ ಎದೆಯೇ ನಾಟಕ ಆಡುತ್ತಿದೆಯೇ? ಕೆಮ್ಮು ಬಂದಾಗ ತಡೆದು ನೋಡುತ್ತಿದ್ದೆ, ಇದು ತಾನಾಗಿ ಬಂದದ್ದೋ ನಾನೇ ಬರಿಸಿಕೊಂಡದ್ದೋ ಎಂದು. ಕಾಯಿಲೆಗಿಂತ ಈ ಅನುಮಾನವೇ ನನ್ನನ್ನು ಹೆಚ್ಚು ಸವೆಸಿತು. ನೋವಿಗೆ ಮುಲಾಮು ಕೇಳಬಹುದು. ನನ್ನ ನೋವು ನನ್ನದೇ ಸುಳ್ಳೇ ಎಂದು ಯಾರನ್ನು ಕೇಳುವುದು?

ಮೂರನೆಯ ಡಾಕ್ಟರು ಎಲ್ಲ ಕೇಳಿಸಿಕೊಂಡು ಮನಸ್ಸಿಗೆ ಮಾತ್ರೆ ಕೊಟ್ಟರು. ಅದರಿಂದ ಹಗಲೆಲ್ಲ ತೂಕಡಿಕೆ. ತೂಕಡಿಸುತ್ತಲೇ ಕೆಮ್ಮುತ್ತಿದ್ದೆ.

ಬೇಸಿಗೆಯ ಒಂದು ಬೆಳಿಗ್ಗೆ, ಯಾರೋ ನೇಕಾರರು ಬಣ್ಣ ಕೆಟ್ಟ ನೂಲು ವಾಪಸ್ಸು ತಂದಿದ್ದರು. ಕೈ ಸಾಲದೆ ನಮ್ಮ ಮನೆಯವರು ನನ್ನನ್ನೂ ಕರೆದರು. ಕಿಟಕಿಯ ಕೆಳಗಿನ ಚೀಲದಿಂದ ಪುಡಿ ಮೊಗೆದು ಹಂಡೆಗೆ ಹಾಕಿದೆ. ಘಾಟು ಎದ್ದಿತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನನ್ನ ತುಟಿ ನೀಲಿಯಾಗಿತ್ತಂತೆ. ನಮ್ಮ ಮನೆಯವರು ನನ್ನನ್ನು ಹೊತ್ತುಕೊಂಡು ಬೀದಿಗೆ ಓಡಿ ಬಂದರಂತೆ. ಮೊದಲು ಊರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿ, ಇಂಜೆಕ್ಷನ್ ಕೊಡಿಸಿ, ಆಮೇಲೆ ಬಾಡಿಗೆ ಕಾರಿನಲ್ಲಿ ದಾವಣಗೆರೆಯ ಎದೆರೋಗದ ಡಾಕ್ಟರ ಬಳಿ ಸೇರಿಸಿದರು. ದಾರಿಯುದ್ದಕ್ಕೂ ನನ್ನ ಅಂಗೈ ಉಜ್ಜುತ್ತಿದ್ದರು ಎಂಬುದು ಮಾತ್ರ ನೆನಪಿದೆ.

ಮೂರನೆಯ ದಿನ ಒಂದು ಕೊಳವೆಯೊಳಗೆ ಜೋರಾಗಿ ಊದುವ ಪರೀಕ್ಷೆ ಮಾಡಿಸಿದರು. ಊದಿಸುತ್ತಿದ್ದಾಕೆ ಕನ್ನಡಕದ, ಗಟ್ಟಿ ದನಿಯ ಹೆಂಗಸು. "ಊದಮ್ಮ, ಊದು, ಊದು, ಇನ್ನೂ ಊದು" ಎಂದು ಹುರಿದುಂಬಿಸುತ್ತಿದ್ದವರು ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು ಉಗುರು ನೋಡಿದರು. ಉಗುರಿನ ಅಂಚಿಗೆ ನೇರಳೆ ಬಣ್ಣ ಮೆತ್ತಿಕೊಂಡಿತ್ತು.

"ಇದು ಮದರಂಗಿ ಅಲ್ವಲ್ಲಮ್ಮ. ಏನು ಕೆಲಸ ಮಾಡ್ತೀರಿ ನೀವು?"

"ಮನೇಲಿರ್ತೀನಿ ಮೇಡಂ."

ಬಾಗಿಲಲ್ಲಿದ್ದ ನಮ್ಮ ಮನೆಯವರು, "ರೇಷ್ಮೆಗೆ ಬಣ್ಣ ಹಾಕೋದು ನಾನು ಮೇಡಂ. ಇವ್ಳು ಕೆಲ್ಸ ಮಾಡಲ್ಲ, ಸುಮ್ನೆ ಕೈ ಜೋಡಿಸ್ತಾಳೆ" ಎಂದರು.

"ಕೈ ಜೋಡಿಸೋದು ಅಂದ್ರೆ ಏನೇನು?"

ಹೇಳುತ್ತಾ ಹೋದೆ. ನೂಲು ನೆನೆಸುವುದು, ಒಲೆ ಉರಿಸುವುದು, ಪುಡಿ ತೂಗುವುದು, ಹಂಡೆ ತಿಕ್ಕುವುದು. ಹೇಳುತ್ತಿದ್ದಂತೆ ನನಗೇ ಆಶ್ಚರ್ಯವಾಯಿತು, ಇದೆಲ್ಲ ಕೆಲಸವೇ ಅಲ್ಲವೇ? ಆಕೆ ಎದ್ದು ಹೋಗಿ ಡಾಕ್ಟರನ್ನು ಕರೆತಂದರು. ಮಳೆಯ ದಿನದ ಹೊಗೆಯ ವಿಷಯ ನಾನು ಮೊದಲ ಸಲ ಒಬ್ಬ ಡಾಕ್ಟರ ಮುಂದೆ ಹೇಳಿದ್ದು ಆವತ್ತು.

ಡ್ರಮ್ಮಿನ ಮೇಲಿನ ಚೀಟಿ ತರಲು ಡಾಕ್ಟರು ಹೇಳಿದರು. ನಮ್ಮ ಮನೆಯವರು ಊರಿಗೆ ಹೋಗಿ ಮರುದಿನ ಅದನ್ನು ಕಿತ್ತು ತಂದರು. ಡಾಕ್ಟರು ಇಂಗ್ಲಿಷನ್ನು ಓದಿ ಕನ್ನಡದಲ್ಲಿ ಹೇಳಿದರು. ಒಣಗಿದ ಜಾಗದಲ್ಲಿಡಬೇಕು. ತೇವ ತಾಗಿದರೆ ತಾನಾಗಿ ಕಾಯುತ್ತದೆ, ಬೆಂಕಿ ಹತ್ತಬಹುದು, ವಿಷದ ಹೊಗೆ ಬರುತ್ತದೆ. ಚೀಟಿಯ ಮೂಲೆಯಲ್ಲಿ ಬೆಂಕಿಯ ಚಿತ್ರವೂ ಇತ್ತು. ಅದನ್ನು ಕಂಪನಿಯ ಗುರುತು ಎಂದುಕೊಂಡಿದ್ದೆವು.

"ನಾನು ನೀರು ಹಾಕಿದ್ದೇ ತಪ್ಪಾಯ್ತಾ ಸಾರ್?"

"ಬೆಂಕಿ ಅಂದ್ಕೊಂಡ್ರೆ ಯಾರಾದ್ರೂ ನೀರೇ ಹಾಕ್ತಾರಮ್ಮ. ಆ ಹೊಗೆ ನಿಮ್ಮ ಶ್ವಾಸಕೋಶವನ್ನ ಸುಟ್ಟಿದೆ. ಆಮೇಲೂ ದಿನಾ ಅದನ್ನೇ ಕುಡಿದಿದ್ದೀರಿ. ತವರಿಗೆ ಹೋದ್ರೆ ಆರಾಮ ಅನಿಸಿದ್ದು ಸುಳ್ಳಲ್ಲ. ಅಲ್ಲಿ ಹೊಗೆ ಇರ್ಲಿಲ್ಲ, ಅಷ್ಟೇ."

ಸುಳ್ಳಲ್ಲ ಎಂಬ ಆ ಒಂದು ಮಾತಿಗೆ ನಾನು ಜೋರಾಗಿ ಅತ್ತುಬಿಟ್ಟೆ. ಹಾಗಾದರೆ ಟಿ.ಬಿ. ಏನಾಯಿತು ಎಂದು ಕೇಳಿದೆ. "ಇರ್ಲಿಲ್ಲ ಅಂತ್ಲೇ ನನಗೆ ಕಾಣುತ್ತೆ. ಆದ್ರೆ ಇಷ್ಟು ತಿಂಗಳು ಔಷಧಿ ಆದ್ಮೇಲೆ ನಾನೂ ಎದೆ ಮುಟ್ಟಿ ಹೇಳಲಾರೆ" ಎಂದರು. ಆ ಗೊಂದಲ ಹಾಗೇ ಉಳಿಯಿತು. ಇವತ್ತಿಗೂ ಯಾವ ಆಸ್ಪತ್ರೆಯಲ್ಲಿ ಅರ್ಜಿ ತುಂಬಿದರೂ ಹಿಂದೆ ಟಿ.ಬಿ. ಬಂದಿತ್ತೇ ಎಂಬ ಸಾಲಿನ ಮುಂದೆ ಪೆನ್ನು ನಿಲ್ಲುತ್ತದೆ.

ಆ ಮಧ್ಯಾಹ್ನ ನಮ್ಮ ಮನೆಯವರು ನನಗೆಂದು ತಂದ ಕಿತ್ತಳೆ ಸುಲಿಯುತ್ತ ಮಂಚದ ಪಕ್ಕ ಕೂತಿದ್ದರು. ಒಂದೊಂದೇ ತೊಳೆ ಬಿಡಿಸಿ, ನಾರು ತೆಗೆದು, ತಾವೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎರಡು ಹಣ್ಣು ಹಾಗೇ ಮುಗಿಯಿತು. ಕೊನೆಗೆ, "ನಂಗೂ ಕೆಮ್ಮೈತೆ. ಬೀಡೀದು ಅಂದ್ಕೊಂಡಿದ್ದೆ" ಎಂದರು. ಸಿಪ್ಪೆಯನ್ನು ಕಾಗದಕ್ಕೆ ಸುತ್ತುತ್ತ, "ಅವತ್ತು ನಿನ್ನ ಹಂಗ್ ಕೇಳ್ಬಾರ್ದಿತ್ತು" ಎಂದರು. ಯಾವತ್ತು ಎಂದು ನಾನು ಕೇಳಲಿಲ್ಲ.

ಗುಣವಾದದ್ದು ಸಿನಿಮಾದಲ್ಲಿ ಆದಂತೆ ಆಗಲಿಲ್ಲ. ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು. "ಅದ್ನ ಒಂದ್ಸಲ ಹಿಡಿದ್ರೆ ಸಾಯೋತನ್ಕ ಬಿಡಂಗಿಲ್ವಂತೆ" ಎಂದು ಅತ್ತೆ ಹೆದರಿದರು. ನಾನೂ ಹೆದರಿ ಒಂದು ವಾರ ಬಿಟ್ಟೆ, ಮತ್ತೆ ಉಬ್ಬಸ ಬಂತು, ಮತ್ತೆ ಹಿಡಿದೆ. ನಮ್ಮ ಮನೆಯವರು ಊರಂಚಿನಲ್ಲಿ ಗಾಳಿಯಾಡುವ ಜಾಗ ಹಿಡಿದು ಬಣ್ಣದ ಮನೆಯನ್ನು ಅಲ್ಲಿಗೆ ಸಾಗಿಸಿದರು. ಪುಡಿ ಮಾರಿದ ಅಂಗಡಿಯವರನ್ನೇ ಕರೆಸಿ ಕಿಟಕಿ ಕೆಳಗಿನ ಚೀಲವನ್ನು ಅವರ ಕೈಲೇ ಎತ್ತಿಸಿದರು. ಅಡಿಗೆಮನೆಯ ಘಾಟು ಪೂರ್ತಿ ಹೋಗಲು ತಿಂಗಳಾಯಿತು. ನಿಧಾನವಾಗಿ ಕೊಡ ಎತ್ತಿದೆ. ಎರಡು ಕೊಡ ಎತ್ತಿದೆ. ಮಳೆಗಾಲ ಬರುವ ಹೊತ್ತಿಗೆ ನಿಲ್ಲದೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ.

ಮಗಳನ್ನು ತರಲು ಹೊರಟಾಗ ಅತ್ತೆ ಅಡ್ಡ ಬಂದರು. ಅವರು ಹೊಸ ಸೀರೆ ಉಟ್ಟಿದ್ದರು.

"ನೀನಿರು. ಕಳ್ಸಿದ್ದು ನಾನು, ನಾನೇ ಹೋಗಿ ಕರ್ಕೊಂಬರ್ತೀನಿ" ಎಂದು ಒಬ್ಬರೇ ಬಸ್ಸು ಹತ್ತಿದರು. ಅಲ್ಲಿಯವರೆಗೆ ಅವರು ಒಬ್ಬರೇ ಎಲ್ಲಿಗೂ ಹೋದವರಲ್ಲ.

ಚೈತ್ರಾಗೆ ಆಗ ಮೂರು ವರ್ಷ. ಉದ್ದವಾಗಿದ್ದಳು. ನನ್ನನ್ನು ನೋಡಿ ನಕ್ಕಳು, ಆದರೆ ಅತ್ತೆಯ ಸೆರಗು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದೆ, ಅವಳು ಅಡಿಗೆಮನೆಯಲ್ಲೇ ಕೂತು ಪಾತ್ರೆ ಬಡಿಯುತ್ತಿದ್ದಳು. ಮೆಣಸಿನಕಾಯಿ ಘಾಟಿಗೆ ಒಂದೇ ಒಂದು ಕೆಮ್ಮು ಬಂತು. ಅವಳು ಪಾತ್ರೆ ಕೆಳಗಿಟ್ಟು, ಯಾರೂ ಹೇಳದೆ, ಎದ್ದು ಹೋಗಿ ಹೊಸಿಲಿನಾಚೆ ನಿಂತಳು. ಅಳಲಿಲ್ಲ, ಹೆದರಲಿಲ್ಲ. ಕೆಮ್ಮಿದರೆ ಹಾಗೆ ಮಾಡಬೇಕು ಎಂದು ಅವಳಿಗೆ ಗೊತ್ತಿತ್ತು, ಅಷ್ಟೇ. ಒಳಗೆ ಬರಲು ಅಪ್ಪಣೆಗಾಗಿ ನನ್ನ ಮುಖ ನೋಡುತ್ತ ನಿಂತಿದ್ದಳು.

ಬಾ ಎಂದು ಕೂಗಲಿಲ್ಲ. ಒಲೆ ಆರಿಸಿ ಹೋಗಿ ನಾನೂ ಹೊಸಿಲಿನಾಚೆ ಅವಳ ಪಕ್ಕ ಕೂತೆ. ಅವತ್ತಿನ ಅನ್ನ ತಡವಾಯಿತು. ಆಮೇಲೂ ಎಷ್ಟೋ ಸಲ ಹಾಗೇ ಆಯಿತು. ನಾನು ಕೆಮ್ಮುವುದು, ಅವಳು ಎದ್ದು ಹೊರಗೆ ಹೋಗುವುದು, ನಾನು ಹಿಂದೆ ಹೋಗಿ ಪಕ್ಕದಲ್ಲಿ ಕೂರುವುದು. ಬರಬರುತ್ತ ಅವಳು ಹೊಸಿಲಿನ ಮೇಲೆ ನಿಂತಳು, ಆಮೇಲೆ ಹೊಸಿಲಿನ ಈಚೆ.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಅವಳು ನನ್ನ ಕಾಲಿಗೆ ಒರಗಿಕೊಂಡು ಸ್ಲೇಟಿನ ಮೇಲೆ ಗೀಚುತ್ತಿದ್ದಳು. ನನಗೆ ಕೆಮ್ಮು ಬಂತು. ಒಂದು, ಎರಡು, ಮೂರು ಸಲ. ಕಾಲನ್ನು ಅಲ್ಲಾಡಿಸದೆ ಕಾದೆ. ಅವಳು ತಲೆ ಎತ್ತಲಿಲ್ಲ. ಬಳಪ ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ಗೀಚತೊಡಗಿತು.